ಗೆರೆಯಿಂದ ಎಪ್ಪತ್ತೇಳು ಅಡಿ

ನನ್ನ ಅಜ್ಜ ಅಸ್ಲಾಕ್ ತಾನು ವಾಸವಾಗಿದ್ದ ಮನೆಯ ಬಾಗಿಲನ್ನು ತಟ್ಟದೆ ಎಂದೂ ಒಳಗೆ ಬಂದವನಲ್ಲ. ಹಾಲು ಕರೆದು ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು ಬಂದಾಗಲೂ ಒಂದನ್ನು ಕೆಳಗಿಟ್ಟು ಎರಡು ಸಲ ತಟ್ಟುತ್ತಿದ್ದ. ಒಳಗಿನಿಂದ ಯಾರಾದರೂ "ಬಾ" ಎನ್ನುವವರೆಗೆ ನಿಂತೇ ಇರುತ್ತಿದ್ದ. ಎಲ್ಲ ಅಜ್ಜಂದಿರೂ ಹೀಗೇ ಎಂದುಕೊಂಡಿದ್ದೆ. ಶಾಲೆಗೆ ಸೇರಿದ ವರ್ಷ ಗೆಳತಿಯ ಮನೆಯಲ್ಲಿ ಅವಳ ಅಜ್ಜ ಬೂಟುಗಾಲಿನಿಂದಲೇ ಬಾಗಿಲು ನೂಕಿಕೊಂಡು ಒಳಗೆ ಬಂದದ್ದು ನೋಡಿ ನನಗೆ ಗಾಬರಿಯಾಯಿತು. ಮನೆಗೆ ಬಂದು ಕೇಳಿದೆ.

"ಈ ಮನೆ ನನ್ನ ತಂಗೀದು" ಎಂದ ಅಜ್ಜ. ಅಷ್ಟೇ. ಮುಂದಿನದನ್ನು ಅವನು ತುಣುಕು ತುಣುಕಾಗಿ, ಹಲವು ವರ್ಷಗಳಲ್ಲಿ, ಹೆಚ್ಚಾಗಿ ಆಲೂಗಡ್ಡೆ ಆರಿಸುವ ಹೊತ್ತಿನಲ್ಲಿ ಹೇಳಿದ. ಉಳಿದದ್ದನ್ನು ನಾನು ಅವನ ತಂಗಿಯ ಪತ್ರಗಳಲ್ಲಿ ಓದಿಕೊಂಡೆ.

ತಂಗಿಯ ಹೆಸರು ಬಿರ್ಗಿಟ್. ಅವಳು ಅಮೆರಿಕದ ಡಕೋಟಾಗೆ ಬಂದದ್ದು ೧೮೮೧ರ ವಸಂತದಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಒಂದೇ ಒಂದು ಚಳಿಗಾಲಕ್ಕೆಂದು. ನಾರ್ವೆಯ ಟೆಲೆಮಾರ್ಕಿನ ಕಣಿವೆಯಲ್ಲಿ, ತಮ್ಮ ಊರಿನಲ್ಲಿ, ಅವಳು ಸಿಗ್ನೆ ಎಂಬ ಸೂಲಗಿತ್ತಿಯ ಕೈಕೆಳಗೆ ಮೂರು ವರ್ಷ ಕೆಲಸ ಕಲಿತಿದ್ದಳು. ರಾಜಧಾನಿಯಲ್ಲಿ ಸೂಲಗಿತ್ತಿಯರಿಗೆಂದೇ ಒಂದು ಶಾಲೆಯಿತ್ತು. ಸಿಗ್ನೆ ಒಂದು ಮಾತು ಬರೆದರೆ ಅಲ್ಲಿ ಜಾಗ ಸಿಗುತ್ತಿತ್ತು. ಆದರೆ ಮೂವತ್ತು ತುಂಬಿದವರನ್ನು ಅಲ್ಲಿ ತೆಗೆದುಕೊಳ್ಳುತ್ತಿರಲಿಲ್ಲ. ಇಪ್ಪತ್ತನಾಲ್ಕರ ಹುಡುಗಿಗೆ ಮೂವತ್ತು ಬಹಳ ದೂರದ ಊರಿನಂತೆ ಕಂಡಿರಬೇಕು. ಅಣ್ಣ ಒಬ್ಬನೇ ಇದ್ದಾನೆ, ಒಂದು ಚಳಿಗಾಲ ಅಡುಗೆ ಮಾಡಿಹಾಕಿ, ಹಸುವನ್ನು ಹದಕ್ಕೆ ತಂದು ವಾಪಸು ಬರುತ್ತೇನೆ ಎಂದು ಹೂಬಳ್ಳಿ ಬರೆದ ಪೆಟ್ಟಿಗೆಗೆ ಬೀಗ ಹಾಕಿಕೊಂಡು ಹೊರಟಳು.

ರೈಲಿನಿಂದ ಇಳಿದ ಎರಡನೆಯ ದಿನವೇ ಅಜ್ಜ ಅವಳನ್ನು ಭೂಮಿ ಕಚೇರಿಗೆ ಕರೆದುಕೊಂಡು ಹೋದ. ಮದುವೆಯಾಗದ ಹೆಂಗಸೂ ತನ್ನ ಹೆಸರಿನಲ್ಲಿ ಸರ್ಕಾರದ ಖಾಲಿ ನೆಲವನ್ನು ನೂರ ಅರವತ್ತು ಎಕರೆ ಬಿಟ್ಟಿಯಾಗಿ ಹಿಡಿಯಬಹುದಾಗಿತ್ತು. ಅಜ್ಜ ಹಿಡಿದ ಜಮೀನಿನ ಪೂರ್ವಕ್ಕೆ ಅಂಟಿಕೊಂಡಂತೆ ಇನ್ನೊಂದು ಜಮೀನು ಖಾಲಿ ಬಿದ್ದಿತ್ತು. ಅದರಲ್ಲಿ ನೀರಿತ್ತು. ಅಜ್ಜನದರಲ್ಲಿ ಇರಲಿಲ್ಲ.

"ಇಲ್ಲೊಂದು ರುಜು ಹಾಕು."

"ಏನಿದು ಅಣ್ಣಾ?"

"ಕಾಗದ. ಹೆಸರು ನಿಂದು, ನೇಗಿಲು ನಂದು. ಹಾಕು, ಹಿಂದೆ ಜನ ಕಾಯ್ತಿದ್ದಾರೆ."

ಹಾಕಿದಳು. ಅಣ್ಣನ ಮಾತನ್ನು ಕಚೇರಿಯ ಎದುರು, ಅಷ್ಟು ಜನರ ಮುಂದೆ, ಅಲ್ಲಗಳೆಯುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಹೊರಗೆ ಬಂದು ಗಾಡಿ ಹತ್ತಿದ ಮೇಲೆ ಅಜ್ಜ ಹೇಳಿದ, ಹಿಡಿದವರು ಆ ನೆಲದ ಮೇಲೇ ಐದು ವರ್ಷ ವಾಸ ಮಾಡಬೇಕು. ಬಿಟ್ಟು ಹೋದರೆ ಯಾರು ಬೇಕಾದರೂ ಬಂದು ಹಿಡಿಯಬಹುದು ಎಂದು.

"ಐದು ವರ್ಷವಾ?" ಎಂದಳಂತೆ ಬಿರ್ಗಿಟ್. "ಒಂದು ಚಳಿಗಾಲ ಅಂದಿದ್ದೆ ನೀನು."

"ಐದು ಚಳಿಗಾಲ ಅಷ್ಟೇ. ಆಮೇಲೆ ನಿನ್ನ ಶಾಲೆಗೆ ನಾನೇ ಕಳಿಸ್ತೀನಿ. ಮಾತು ಕೊಡ್ತೀನಿ."

ಅವಳು ಬೆರಳು ಮಡಚಿ ಎಣಿಸಿದಳು. ಇಪ್ಪತ್ತೊಂಬತ್ತು. ತುಂಬಾ ಸಮೀಪವಾದರೂ ಈಚೆಗೇ ಇತ್ತು. ಬೇರೆ ದಾರಿಯೂ ಇರಲಿಲ್ಲ. ವಾಪಸು ಹೋಗುವ ಟಿಕೆಟ್ಟು ಅಣ್ಣನೇ ತೆಗೆಸಿಕೊಡಬೇಕಾಗಿತ್ತು.

ಇಬ್ಬರಿಗೆ ಎರಡು ಮನೆ ಕಟ್ಟುವಷ್ಟು ಮರ ಆ ಬಯಲಿನಲ್ಲಿ ಇರಲಿಲ್ಲ. ಆಗ ನಮ್ಮ ಕಡೆ ಅಕ್ಕಪಕ್ಕ ಜಮೀನು ಹಿಡಿದ ಅಣ್ಣತಮ್ಮಂದಿರು ಒಂದು ಉಪಾಯ ಮಾಡುತ್ತಿದ್ದರು: ಎರಡು ಜಮೀನಿನ ಗಡಿಯ ಮೇಲೆ ಒಂದೇ ಮನೆ ಕಟ್ಟುವುದು. ಗೆರೆ ಮನೆಯ ನಟ್ಟನಡುವೆ ಹಾಯಬೇಕು. ಒಬ್ಬನ ಮಂಚ ಗೆರೆಯ ಆ ಕಡೆ, ಇನ್ನೊಬ್ಬನದು ಈ ಕಡೆ. ಹೀಗೆ ಇಬ್ಬರೂ ತಂತಮ್ಮ ನೆಲದ ಮೇಲೆ ಮಲಗಿದಂತಾಗುತ್ತಿತ್ತು.

ಗಡಿ ಯಾವುದು? ಸರ್ಕಾರದವರು ಎರಡು ಜಮೀನಿನ ನಡುವೆ ನೆಟ್ಟಿದ್ದ ಗೂಟ ಹುಲ್ಲಿಗೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಅಜ್ಜನ ಜಮೀನಿನ ಪಶ್ಚಿಮದ ಮೂಲೆಯ ಕಲ್ಲು ಮಾತ್ರ ಉಳಿದಿತ್ತು. ಅಲ್ಲಿಂದ ಪೂರ್ವಕ್ಕೆ ಸರಿಯಾಗಿ ಅರ್ಧ ಮೈಲಿ, ಎಂದರೆ ಎರಡು ಸಾವಿರದ ಆರು ನೂರ ನಲವತ್ತು ಅಡಿ. ಅಜ್ಜನ ಬಳಿ ಅವರಪ್ಪ ಕೊಟ್ಟ ಅಳತೆಕೋಲು ಇತ್ತು. ಬರ್ಚ್ ಮರದ್ದು, ಎರಡು ಅಡಿ ಉದ್ದ. ಊರಿನ ಚರ್ಚಿನ ಬಾಗಿಲನ್ನೇ ಆ ಕೋಲಿನಿಂದ ಅಳೆದು ಮಾಡಿದ್ದರಂತೆ. ಅದನ್ನು ಐವತ್ತು ಸಲ ಇಟ್ಟು ನೂರು ಅಡಿಯ ಹಗ್ಗ ಮಾಡಿಕೊಂಡ. ಹಗ್ಗದ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ಬಿರ್ಗಿಟ್ ಕೈಯಲ್ಲಿ. ಪ್ರತಿ ಹಗ್ಗಕ್ಕೆ ಅವಳು ಏಪ್ರನ್ ಜೇಬಿಗೆ ಒಂದು ಬಟಾಣಿ ಕಾಳು ಹಾಕಿಕೊಂಡಳು. ಇಪ್ಪತ್ತಾರು ಕಾಳು, ಮೇಲೆ ನಲವತ್ತು ಅಡಿ. ತಪ್ಪಿರಬಾರದೆಂದು ಮತ್ತೆ ಮೂಲೆಯಿಂದ ಹೊರಟು ಎರಡನೆಯ ಸಲ ಅಳೆದರು. ಅದೇ ಜಾಗಕ್ಕೆ ಬಂತು. ಅಜ್ಜನಿಗೆ ಅಂದು ಬಹಳ ಖುಷಿಯಾಗಿತ್ತಂತೆ.

ಮನೆ ಎದ್ದಿತು. ಹಲಗೆಯ ನೆಲದ ಮೇಲೆ ಬಾಗಿಲಿನಿಂದ ಎದುರು ಗೋಡೆಯ ಕಿಟಕಿಯವರೆಗೆ ಅಜ್ಜ ಕೆಂಪು ಬಣ್ಣದ ಗೆರೆ ಎಳೆದ. ನಾನು ಹುಟ್ಟುವ ಹೊತ್ತಿಗೆ ನೆಲವನ್ನು ಎರಡು ಸಲ ಬದಲಾಯಿಸಿದ್ದರು. ಆದರೆ ಹಳೆಯ ಹಲಗೆಯೊಂದು ಕೋಳಿಗೂಡಿನ ಬಾಗಿಲಾಗಿತ್ತು. ಕೆಂಪು ಅದರಲ್ಲಿ ಇನ್ನೂ ಇತ್ತು.

ಆ ಗೆರೆಯ ಪೂರ್ವಕ್ಕೆ ಬಿರ್ಗಿಟ್ ಮಂಚ, ಪೆಟ್ಟಿಗೆ, ಬಟ್ಟೆ ನೇತುಹಾಕಲು ಗೋಡೆಯಲ್ಲೊಂದು ಮೊಳೆ. ಪಶ್ಚಿಮಕ್ಕೆ ಒಲೆ, ಮೇಜು, ಅಜ್ಜನ ಮಂಚ. ಹಗಲೆಲ್ಲ ಅವಳು ಎಲ್ಲಿ ಬೇಕಾದರೂ ಓಡಾಡಬಹುದು. ಊಟ ಮುಗಿದು ಬೈಬಲ್ ಓದಿ ಮುಚ್ಚಿದ ಮೇಲೆ ಅಜ್ಜ ಗಂಟಲು ಸರಿಮಾಡಿಕೊಂಡು "ನಿನ್ನ ಕಡೆ" ಎನ್ನುತ್ತಿದ್ದ. ಅವಳು ಗೆರೆ ದಾಟಿ ಹೋಗುತ್ತಿದ್ದಳು. ಐದು ವರ್ಷದಲ್ಲಿ ಅವಳು ಒಂದು ರಾತ್ರಿಯೂ ಬೇರೆ ಕಡೆ ಮಲಗಲಿಲ್ಲ. ಕ್ರಿಸ್ಮಸ್ಸಿಗೆ ಎರಡು ಮೈಲಿ ಆಚೆಯ ತೋನೆಯಮ್ಮನ ಮನೆಯಲ್ಲಿ ಎಲ್ಲರೂ ಸೇರಿದಾಗಲೂ, ಹಾಡು ಅರ್ಧದಲ್ಲಿರುವಾಗಲೇ, ಅಜ್ಜ ಗಾಡಿ ಕಟ್ಟುತ್ತಿದ್ದ.

"ಬಿಡೋ ಅವಳನ್ನ, ಒಂದು ರಾತ್ರಿ!" ಎಂದು ತೋನೆಯಮ್ಮ ಬೈಯುತ್ತಿದ್ದಳು. ನಮ್ಮ ಕಣಿವೆಯಿಂದಲೇ ಬಂದ ದಪ್ಪನೆಯ ಹೆಂಗಸು, ಬಾಯಿ ಜೋರು. "ಹುಲ್ಲೇನು ಹೋಗಿ ಕಚೇರಿಗೆ ಚಾಡಿ ಹೇಳುತ್ತಾ?"

"ಹುಲ್ಲು ಹೇಳಲ್ಲ, ಜನ ಹೇಳ್ತಾರೆ."

"ಯಾವ ಜನ? ನಾನು, ನನ್ನ ಗಂಡ, ನಾಲ್ಕು ಹಂದಿ. ಗಂಡ ಮಾತೇ ಆಡಲ್ಲ. ಹಂದಿಗಳನ್ನ ಬೇಕಾದ್ರೆ ನಾನು ನೋಡ್ಕೋತೀನಿ."

ಬಿರ್ಗಿಟ್ ನಗುತ್ತಿದ್ದಳು, ಗಾಡಿ ಹತ್ತುತ್ತಿದ್ದಳು. ಕಂಬಳಿಯ ಕೆಳಗೆ ತೋನೆಯಮ್ಮ ಬಟ್ಟೆಯಲ್ಲಿ ಸುತ್ತಿದ ಬಿಸಿ ಕಲ್ಲೊಂದನ್ನು ಅವಳ ಕಾಲಿನ ಹತ್ತಿರ ತಳ್ಳಿಟ್ಟಿರುತ್ತಿದ್ದಳು.

ನಾನು ಕಾಲೇಜಿನಲ್ಲಿ ಓದುವಾಗ ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿ ಆ ಹಳೆಯ ಭೂಮಿ ಕಾಯಿದೆಯನ್ನು ಹುಡುಕಿ ಓದಿದೆ. ಒಂದು ರಾತ್ರಿಯಲ್ಲ, ತಿಂಗಳುಗಟ್ಟಲೆ ಹೊರಗಿದ್ದರೂ ಹಕ್ಕು ಹೋಗುತ್ತಿರಲಿಲ್ಲ. ಅಜ್ಜ ಕಾಯಿದೆಗಿಂತ ಹೆಚ್ಚು ಹೆದರಿದ್ದ. ಪರಭಾಷೆಯಲ್ಲಿ ಬರೆದ ಕಾಗದಕ್ಕೆ ನಮ್ಮವರು ಹಾಗೆ ಹೆದರುತ್ತಿದ್ದರು. ಅವನಿಗೆ ಇದನ್ನು ಹೇಳಬೇಕೆಂದು ರಜೆಗೆ ಊರಿಗೆ ಬಂದೆ. ಆಗ ಅವನಿಗೆ ಎಂಬತ್ತೈದು. ನನ್ನ ಕೈಚೀಲ ಎತ್ತಿಕೊಂಡು ಬಾಗಿಲು ತಟ್ಟಿ ನಿಂತಿದ್ದ. ಹೇಳಲಿಲ್ಲ.

ಬಿರ್ಗಿಟ್ ಆ ಪೆಟ್ಟಿಗೆಯನ್ನು ಒಂದು ಸಲವೂ ಪೂರ್ತಿ ಖಾಲಿ ಮಾಡಲಿಲ್ಲ. ಉಟ್ಟ ಬಟ್ಟೆ ಒಗೆದು ಒಣಗಿಸಿ ಮಡಚಿ ಮತ್ತೆ ಪೆಟ್ಟಿಗೆಗೇ ಹಾಕುತ್ತಿದ್ದಳು. ಮೊಳೆಯ ಮೇಲೆ ಏನನ್ನೂ ನೇತುಹಾಕಲಿಲ್ಲ. ಬೇಸಿಗೆಯಲ್ಲಿ ನೇಗಿಲಿನ ಹಿಂದೆ ನಡೆದಳು, ಗೋಧಿ ಕೊಯ್ದಳು, ಎತ್ತುಗಳಿಗೆ ಲಾಳ ಹೊಡೆಯುವಾಗ ಕಾಲು ಹಿಡಿದುಕೊಂಡಳು. ಸಿಗ್ನೆಗೆ ಬರೆದ ಪತ್ರವೊಂದರಲ್ಲಿ ಹೀಗಿದೆ: "ಇಲ್ಲಿ ಬಾಗಿಲು ತೆರೆದರೆ ಎದುರಿಗೆ ಏನೂ ಇಲ್ಲ. ಬೆಟ್ಟವಿದ್ದರೆ ಅದರ ಆಚೆಗೆ ಹೋಗಬೇಕು ಅನ್ನಿಸುತ್ತದೆ. ಏನೂ ಇಲ್ಲದಿದ್ದರೆ ಎತ್ತ ಹೋಗಲಿ? ಹುಲ್ಲು ನಾಲ್ಕೂ ಕಡೆಯಿಂದ ನನ್ನನ್ನೇ ನೋಡುತ್ತಾ ನಿಂತಿರುತ್ತದೆ." ಚಳಿಗಾಲದಲ್ಲಿ ಅದೂ ಇಲ್ಲ. ಬರೀ ಬಿಳಿ. ದಾರಿ ತಪ್ಪದಂತೆ ಬಾಗಿಲಿನಿಂದ ಕೊಟ್ಟಿಗೆಗೆ ಕಟ್ಟಿದ ಹಗ್ಗ ಹಿಡಿದು ಹೋಗುವುದು, ಅದೇ ಹಗ್ಗ ಹಿಡಿದು ಬರುವುದು. ಜಮೀನು ಅಳೆದ ಹಗ್ಗವೇ ಅದು.

ಮೂರನೆಯ ಚಳಿಗಾಲದಲ್ಲಿ ಅವಳಿಗೆ ಜ್ವರ ಬಂತು. ಎದೆ ಕಟ್ಟಿ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಅವಳ ಮಂಚ ಒಲೆಯಿಂದ ದೂರ, ಹಾಸಿಗೆಯ ಪಕ್ಕದ ಗೋಡೆಗೆ ಒಳಗಡೆಯೇ ಹಿಮದ ಪದರ. ತೋನೆಯಮ್ಮ ಹಿಮದ ಮೇಲೆ ಜಾರುವ ಗಾಡಿಯಲ್ಲಿ ಬಂದು ನೋಡಿದಳು.

"ಮಂಚ ಒಲೆ ಹತ್ತಿರ ಎಳಿಯೋ ಅಸ್ಲಾಕ್."

"ಅದು ನನ್ನ ಕಡೆ."

"ನೀನು ಮನುಷ್ಯನೋ, ಗೂಟನೋ? ತಂಗಿ ಸಾಯ್ತಿದ್ದಾಳೆ ಕಣೋ!"

ಅಜ್ಜ ಕೋಟು ಹಾಕಿಕೊಂಡು ಏಣಿ ತಂದ. ಜನವರಿಯ ಗಾಳಿಯಲ್ಲಿ ಛಾವಣಿ ಹತ್ತಿ ಪೂರ್ವದ ಕಡೆ ತೂತು ಕೊರೆದ. ಒಲೆಯ ಬೆಂಕಿಯನ್ನು ಬಕೆಟ್ಟಿಗೆ ತೆಗೆದು, ಹೊಗೆ ಕೊಳವೆ ಬಿಚ್ಚಿ, ಇಡೀ ಕಬ್ಬಿಣದ ಒಲೆಯನ್ನು ಅಪ್ಪಿಕೊಂಡು ಗೆರೆ ದಾಟಿಸಿ ಅವಳ ಮಂಚದ ಪಕ್ಕಕ್ಕೆ ತಂದಿಟ್ಟ. ಅಂಗೈ ಎರಡೂ ಸುಟ್ಟವು. ಅಜ್ಜನ ಅಂಗೈಯಲ್ಲಿ ಹೊಳೆಯುವ ನುಣುಪು ಕಲೆಗಳಿದ್ದವು. ನಾನು ಚಿಕ್ಕಂದಿನಲ್ಲಿ ಅವನ್ನು ಸವರಿ ನೋಡುತ್ತಿದ್ದೆ. ಆ ಚಳಿಗಾಲ ಮುಗಿಯುವವರೆಗೆ ಅವನು ಚಳಿಯ ಕಡೆಯಲ್ಲೇ ಮಲಗಿದ. "ಇಷ್ಟು ಒಳ್ಳೆ ಕತ್ತೆಯನ್ನ ನಾನು ಎಲ್ಲೂ ನೋಡಿಲ್ಲ" ಎಂದು ತೋನೆಯಮ್ಮ ಆಮೇಲೆ ಊರೆಲ್ಲ ಹೇಳಿಕೊಂಡು ಬಂದಳು.

ಬಿರ್ಗಿಟ್ ಬದುಕಿಕೊಂಡಳು. ಗುಣವಾದ ಮೇಲೆ ಅವಳು ಕೇಳಿದ ಮೊದಲ ಮಾತು, "ಇನ್ನೆಷ್ಟು ತಿಂಗಳು?"

ಐದನೆಯ ವರ್ಷದ ಸುಗ್ಗಿ ಮುಗಿಯಿತು. ಅಕ್ಟೋಬರ್ ಇಪ್ಪತ್ತಕ್ಕೆ ಇಬ್ಬರೂ ಇಬ್ಬಿಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಕಚೇರಿಗೆ ಹೋಗಿ, ಐದು ವರ್ಷ ಅಲ್ಲೇ ವಾಸವಿದ್ದೇವೆಂದು ಬೈಬಲ್ ಮುಟ್ಟಿ ಪ್ರಮಾಣ ಮಾಡಬೇಕಾಗಿತ್ತು. ಆಮೇಲೆ ಹಕ್ಕುಪತ್ರ. ಸಿಗ್ನೆಯ ಪತ್ರವೂ ಬಂದಿತ್ತು: ಮುಂದಿನ ತಂಡ ಜನವರಿಯಲ್ಲಿ. ಬಿರ್ಗಿಟ್‌ಗೆ ಮೂವತ್ತು ತುಂಬುವುದು ಫೆಬ್ರವರಿಯಲ್ಲಿ. ಅಜ್ಜ ಕೊಟ್ಟ ಮಾತಿನಂತೆ ಟಿಕೆಟ್ಟು ತರಿಸಿದ್ದ. ಅವಳು ಪೆಟ್ಟಿಗೆಯ ಬೀಗಕ್ಕೆ ಎಣ್ಣೆ ಬಿಟ್ಟಳು.

ಪ್ರಮಾಣಕ್ಕೆ ಒಂಬತ್ತು ದಿನ ಇರುವಾಗ, ಹೊಸ ರಸ್ತೆಗೆಂದು ಸರ್ವೆಯವನು ಬಂದ. ಎಕ್‌ಬೆರ್ಗ್ ಎಂಬ ಸ್ವೀಡನ್ನಿನವನು. ಸುಟ್ಟುಹೋದ ಗೂಟಗಳನ್ನೆಲ್ಲ ಉಕ್ಕಿನ ಸರಪಳಿಯಿಂದ ಅಳೆದು ಮತ್ತೆ ನೆಡುತ್ತಾ ಬರುತ್ತಿದ್ದ. ಅಣ್ಣತಂಗಿ ಬಾಗಿಲಲ್ಲಿ ನಿಂತು ನೋಡಿದರು. ಅವನು ಮೂಲೆಯ ಕಲ್ಲಿನಿಂದ ಹೊರಟು ಮನೆಯ ಕಡೆಗೇ ಬರುತ್ತಿದ್ದವನು, ಇನ್ನೂ ಓಟ್ಸ್ ಕೊಯ್ದ ಕೂಳೆಯಲ್ಲಿ ಇರುವಾಗಲೇ ನಿಂತು ಗೂಟ ಬಡಿಯತೊಡಗಿದ.

ಅಜ್ಜ ಓಡಿದ. "ಅಲ್ಲಲ್ಲ! ಗಡಿ ಇಲ್ಲಿ, ಮನೆ ಒಳಗೆ!"

"ಮನೆ ಒಳಗೆ ನಿಮ್ಮ ಒಲೆ ಇರಬೇಕು" ಎಂದ ಎಕ್‌ಬೆರ್ಗ್. "ಗಡಿ ಇಲ್ಲಿದೆ."

"ನಾನು ಎರಡು ಸಲ ಅಳೆದಿದ್ದೀನಿ. ಅಡಿ ಅಡಿ ಲೆಕ್ಕ ಹಾಕಿ."

"ಯಾವುದರಲ್ಲಿ ಅಳೆದ್ರಿ? ತನ್ನಿ ನೋಡೋಣ."

ಬಿರ್ಗಿಟ್ ಕೋಲು ತಂದುಕೊಟ್ಟಳು. ಎಕ್‌ಬೆರ್ಗ್ ತನ್ನ ಅಳತೆಪಟ್ಟಿಯನ್ನು ಅದರ ಪಕ್ಕಕ್ಕೆ ಹಿಡಿದ. ಎರಡು ಅಡಿ ಮುಗಿದ ಮೇಲೂ ಕೋಲು ಸ್ವಲ್ಪ ಉಳಿಯಿತು. ಹೆಬ್ಬೆರಳಿನ ಉಗುರಿನಷ್ಟು.

"ಇದು ನಾರ್ವೆಯ ಅಡಿ" ಎಂದ ಅವನು ಮೆಲ್ಲಗೆ. "ಅಮೆರಿಕದ ಅಡಿಗಿಂತ ಒಂಚೂರು ಉದ್ದ. ನೀವು ನಾರ್ವೆಯವರು ಎಲ್ಲದರಲ್ಲೂ ಒಂಚೂರು ಉದ್ದ ಅಂತ ತಮಾಷೆ ಮಾಡಬಹುದಿತ್ತು, ಆದರೆ..." ಅಜ್ಜನ ಮುಖ ನೋಡಿ ನಿಲ್ಲಿಸಿದ.

ಉಗುರಿನಷ್ಟು ಅಳತೆ ಅರ್ಧ ಮೈಲಿಯಲ್ಲಿ ಎಪ್ಪತ್ತೇಳು ಅಡಿಯಾಗಿತ್ತು. ಇಡೀ ಮನೆ, ಕೆಂಪು ಗೆರೆಯ ಎರಡೂ ಕಡೆ, ಒಲೆ, ಎರಡೂ ಮಂಚ, ಎಲ್ಲವೂ ಬಿರ್ಗಿಟ್ ಜಮೀನಿನ ಮೇಲಿದ್ದವು. ಅವಳ ಐದು ವರ್ಷಕ್ಕೆ ಏನೂ ಆಗಿರಲಿಲ್ಲ. ಅಜ್ಜ ತನ್ನ ನೆಲದ ಮೇಲೆ ಒಂದು ರಾತ್ರಿಯೂ ಮಲಗಿರಲಿಲ್ಲ.

ಎಕ್‌ಬೆರ್ಗ್ ಕಾಫಿ ಕುಡಿದು ಎದ್ದ. ಬಾಗಿಲಲ್ಲಿ ಟೋಪಿ ಹಾಕಿಕೊಳ್ಳುತ್ತಾ ಬಿರ್ಗಿಟ್‌ಗೆ ಹೇಳಿದ: "ನೋಡಮ್ಮ, ನನ್ನ ಪುಸ್ತಕದಲ್ಲಿ ಗೂಟ ಬರೀತೀನಿ. ಮನೆ ಎಲ್ಲಿದೆ ಅಂತ ಬರೆಯೋದು ನನ್ನ ಕೆಲಸ ಅಲ್ಲ. ಆ ಕಡೆ ನಾನು ನೋಡೇ ಇಲ್ಲ."

ಅವನು ಹೋದ ಮೇಲೆ ಬಿರ್ಗಿಟ್ ಮೇಜಿನ ಹತ್ತಿರ ಕೂತು ಹೇಳಿದಳು, "ಅವನೇ ನೋಡಿಲ್ಲ ಅಂದ. ಇನ್ಯಾರಿಗೆ ಗೊತ್ತು? ಇಪ್ಪತ್ತನೇ ತಾರೀಕು ಇಬ್ಬರೂ ಹೋಗೋಣ. ಆಮೇಲೆ ತೋನೆಯಮ್ಮನ ಗಂಡನ ಎತ್ತು ಕಟ್ಟಿ ಮನೇನ ಹೊಸ ಗೂಟದ ಮೇಲಕ್ಕೆ ಎಳಿಸಿಬಿಡು."

"ಪ್ರಮಾಣ ಮಾಡಬೇಕಲ್ಲ."

"ನಿಂಗೆ ಗೊತ್ತಿರಲಿಲ್ಲ ಅಣ್ಣಾ. ಐದು ವರ್ಷ ಗೊತ್ತಿರಲಿಲ್ಲ."

"ಇವತ್ತು ಗೊತ್ತಾಯ್ತಲ್ಲ."

"ಹಾಗಾದ್ರೆ ಏನು ಮಾಡ್ತೀಯ?"

"ಮತ್ತೆ ಮೊದಲಿಂದ." ಅಜ್ಜ ತನ್ನ ಕೈಗಳನ್ನೇ ನೋಡುತ್ತಿದ್ದ. "ಐದು ವರ್ಷ."

ಬಿರ್ಗಿಟ್‌ಗೆ ಆ ಕ್ಷಣದಲ್ಲಿ ಮನೆಯ ನಾಲ್ಕು ಗೋಡೆಗಳೂ ಒಂದೊಂದು ಹೆಜ್ಜೆ ಹತ್ತಿರ ಬಂದಂತಾಯಿತೆಂದು ಅವಳೇ ಬರೆದಿದ್ದಾಳೆ. ಅಣ್ಣ ಇರು ಎಂದಿದ್ದರೆ ಜಗಳ ಆಡಬಹುದಾಗಿತ್ತು. ಅವನು ಕೇಳಲಿಲ್ಲ. ಅದೇ ಅವಳನ್ನು ಕಟ್ಟಿಹಾಕಿತು. ಚಳಿಗಾಲ ಎದುರಿಗಿದೆ, ಅವನಿಗೆ ಮನೆಯಿಲ್ಲ, ನೀರಿಲ್ಲ, ಹಕ್ಕಿಲ್ಲ; ಎಂಥ ತಂಗಿ ಪೆಟ್ಟಿಗೆ ಎತ್ತಿಕೊಂಡು ನಡೆಯುತ್ತಾಳೆ?

ಇಪ್ಪತ್ತನೆಯ ತಾರೀಕು ಅವಳೊಬ್ಬಳೇ ಪ್ರಮಾಣ ಮಾಡಿದಳು. ಅಜ್ಜ ಕಚೇರಿಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದ. ತನ್ನ ನೆಲದ ಮೇಲೆ ಮಲಗಿದ ದಿನದಿಂದ ಐದು ವರ್ಷ ಎಣಿಸಿಕೊಂಡು ಬಾ ಎಂದರು. ಬಾಗಿಲವರೆಗೆ ಬಂದ ಗುಮಾಸ್ತ, ಮಳೆ ಬರುತ್ತಿದೆ ಎಂದು ತನ್ನ ಕೊಡೆಯನ್ನು ಅವನ ಕೈಗೆ ಕೊಟ್ಟನಂತೆ. ಅದು ಯಾಕೋ ಅಜ್ಜನಿಗೆ ಕೊನೆಯವರೆಗೂ ನೆನಪಿತ್ತು.

ಮನೆಗೆ ಬಂದ ಬಿರ್ಗಿಟ್ ಪೆಟ್ಟಿಗೆ ತೆರೆದಳು. ಮೇಲಿನ ಲಂಗ ತೆಗೆದು, ಐದು ವರ್ಷ ಖಾಲಿಯಿದ್ದ ಮೊಳೆಗೆ ನೇತುಹಾಕಿದಳು.

ಅಜ್ಜ ಅದನ್ನು ನೋಡಿದ. ಗುದ್ದಲಿ ತೆಗೆದುಕೊಂಡು ಹೊರಗೆ ಹೋದ. ಹೊಸ ಗೂಟದ ಪಶ್ಚಿಮಕ್ಕೆ ದಿಬ್ಬದ ಬದಿಯಲ್ಲಿ ಅಗೆಯತೊಡಗಿದ. ನೆಲದೊಳಗೊಂದು ಗವಿ, ಮೇಲೆ ಹುಲ್ಲುಹೆಂಟೆಯ ಛಾವಣಿ, ಎದುರಿಗೆ ಒಂದು ಕಂಬಳಿ. ನಾಲ್ಕು ದಿನ ಅಗೆದ. ಛಾವಣಿ ಅರ್ಧ ಮುಗಿದಿತ್ತು ಅಷ್ಟೇ. ಐದನೆಯ ದಿನ ಸಂಜೆ ಊಟ ಆದ ಮೇಲೆ ಬೈಬಲ್ ಮುಚ್ಚಿ, ಎಂದಿನಂತೆ ಗಂಟಲು ಸರಿಮಾಡಿಕೊಂಡು, "ನನ್ನ ಕಡೆ" ಎಂದು ಹಾಸಿಗೆ ಸುತ್ತಿಕೊಂಡು ಹೊರಟೇಬಿಟ್ಟ.

ಬೆಳಿಗ್ಗೆ ಬಾಗಿಲ ಮೇಲೆ ಎರಡು ಸಲ ಸದ್ದಾಯಿತು. ಆ ಮನೆಯ ಬಾಗಿಲನ್ನು ಅವರಿಬ್ಬರಲ್ಲಿ ಯಾರೂ ಅದುವರೆಗೆ ತಟ್ಟಿರಲಿಲ್ಲ.

"ಯಾರು?"

"ಪಕ್ಕದ ಜಮೀನಿನವನು."

ಅವಳು ತೆರೆದಳು. ಗಡ್ಡದ ತುಂಬ ಇಬ್ಬನಿ ಗಟ್ಟಿಯಾಗಿತ್ತು. ಟೋಪಿ ಕೈಯಲ್ಲಿತ್ತು.

"ಏನು ಬೇಕಿತ್ತು?"

"ಒಂದು ಲೋಟ ಕಾಫಿ. ಆಮೇಲೆ ನಿನ್ನ ಪೆಟ್ಟಿಗೆ."

"ಪೆಟ್ಟಿಗೆ ಯಾಕೆ?"

"ಗಾಡಿಗೆ ಹಾಕೋಕೆ."

"ಹುಚ್ಚು ಹಿಡೀತಾ ನಿಂಗೆ? ಆ ಬಿಲದಲ್ಲಿ ಒಬ್ಬನೇ, ಇಡೀ ಚಳಿಗಾಲ..."

"ಒಬ್ಬನೇ ಯಾಕೆ, ಇಲಿಗಳಿವೆ. ನಿನ್ನೆ ರಾತ್ರಿ ಮೂರು ಬಂದು ಮಾತಾಡಿಸಿಕೊಂಡು ಹೋದವು." ಒಳಗೆ ಬಂದು ನಿಂತ. ಕೂರಲಿಲ್ಲ. "ಮಲಗಿ ನೋಡಿದೆ. ಆಗುತ್ತೆ. ನಿಂಗೆ ತೋರಿಸೋಣ ಅಂತಲೇ ಹೋದೆ."

ಬಿರ್ಗಿಟ್ ಲೋಟಕ್ಕೆ ಕಾಫಿ ಸುರಿದಳು, ತುಂಬಿ ತಟ್ಟೆಗೆ ಚೆಲ್ಲಿತು. ಅಜ್ಜ ತಟ್ಟೆಯನ್ನೇ ಎತ್ತಿ ಕುಡಿದ.

"ಒಂದು ಚಳಿಗಾಲ ಅಂದು ಕರೆಸಿದ್ದೆ" ಎಂದ ಆಮೇಲೆ, ಕಿಟಕಿಯ ಕಡೆ ತಿರುಗಿಕೊಂಡು. "ಕೋಲು ಮಾತ್ರ ಅಲ್ಲ, ನನ್ನ ಅಳತೇನೇ ತಪ್ಪಿತ್ತು."

ಅವನು ಕ್ಷಮೆ ಕೇಳಿದ್ದು ಅಷ್ಟೇ. ಅವಳು ಎದ್ದು ಮೊಳೆಯಿಂದ ಲಂಗ ತೆಗೆದು ಮಡಚತೊಡಗಿದಳು. ಅವನು ಪೆಟ್ಟಿಗೆಯ ಮುಚ್ಚಳ ಎತ್ತಿ ಹಿಡಿದುಕೊಂಡ.

ನವೆಂಬರ್ ಎರಡಕ್ಕೆ ರೈಲು ಹೊರಟಿತು. ಅಜ್ಜ ಖಾಲಿ ಗಾಡಿಯಲ್ಲಿ ವಾಪಸು ಬಂದಾಗ ಮಧ್ಯಾಹ್ನ ದಾಟಿತ್ತು, ಹಿಮ ಬೀಳತೊಡಗಿತ್ತು. ಎತ್ತುಗಳನ್ನು ಕಟ್ಟಿ, ಬಾವಿಯಿಂದ ಒಂದು ಬಕೆಟ್ಟು ನೀರು ಸೇದಿದ. ಬಿಲಕ್ಕೆ ಹೋಗುವ ಮೊದಲು, ಬೀಗ ಹಾಕಿದೆಯೋ ಇಲ್ಲವೋ ನೋಡೋಣವೆಂದು ಮನೆಯ ಮುಂದೆ ನಿಂತ. ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದೂ ಕೈ ತಾನಾಗಿ ಎದ್ದು ಎರಡು ಸಲ ತಟ್ಟಿತು.

"ಬಾ" ಎಂದಿತು ಒಳಗಿನಿಂದ ಒಂದು ದನಿ.

ತೋನೆಯಮ್ಮ. ಒಲೆ ಉರಿಯುತ್ತಿತ್ತು, ಮೇಜಿನ ಮೇಲೆ ಆಲೂಗಡ್ಡೆಯ ತೆಳು ರೊಟ್ಟಿ, ಹಾಲಿನ ಗಂಜಿ. ಅವಳು ಬೀಗದ ಕೈಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು.

"ಮನೆಯೊಡತಿ ನನ್ನ ಕೈಲಿ ಕೊಟ್ಟು ಹೋಗಿದ್ದಾಳೆ" ಎಂದಳು. "ದಿನಾ ಬಂದು ಒಲೆ ಹಚ್ಚಿ, ನೀನು ತಟ್ಟಿದರೆ ತೆಗೀಬೇಕಂತೆ. ಊಟಕ್ಕೆ ಮಾತ್ರ. ಮಲಗೋಕೆ ನಿನ್ನ ಬಿಲಕ್ಕೆ ಹೋಗು. ಬೂಟು ಒರೆಸಿಕೊಂಡು ಬಾ, ಇದೇನು ನಿನ್ನ ಮನೆಯೇ?"